ಹಿಂದಿನ ಪ್ಯಾಡು ಮೊದಲು ಸವೆದಾಗ

ಕರ್ರ್... ಎಂದು ರಸ್ತೆಯಲ್ಲಿ ಶುರುವಾಗಿ, ಗೇಟಿನೊಳಗೆ ಬಂದು ನಿಲ್ಲುವ ಹೊತ್ತಿಗೆ ಕೀಂಯ್ ಎಂದು ಮುಗಿಯುತ್ತಿತ್ತು. ಕಾದ ಹಂಚಿನ ಮೇಲೆ ಯಾರೋ ಸಿಟ್ಟಿನಿಂದ ಸಟ್ಟುಗ ಎಳೆದ ಹಾಗೆ. ಬ್ರೇಕ್ ಪ್ಯಾಡು ಪೂರ್ತಿ ಸವೆದು, ಅದರ ಬೆನ್ನಿನ ಕಬ್ಬಿಣ ಹೋಗಿ ಗಾಲಿಯ ಡಿಸ್ಕಿಗೆ ಉಜ್ಜುವ ಸದ್ದು ಅದು. ಚಿಕ್ಕೋಡಿ–ನಿಪ್ಪಾಣಿ ರಸ್ತೆಯ ವರ್ಕ್‌ಶಾಪೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತು ಆ ಸದ್ದನ್ನು ಎಷ್ಟು ಸಲ ಕೇಳಿದೆನೋ. ಕಡೆಕಡೆಗೆ ತಲೆ ಎತ್ತದೆಯೇ "ಮುಂದಿನ ಎಡಗಡೆ" ಎಂದು ಹೇಳುವಷ್ಟು ಹುಷಾರಾಗಿದ್ದೆ. ಹುಷಾರಾಗಿದ್ದೇನೆ ಎಂದುಕೊಂಡಿದ್ದೆ, ಅನ್ನುವುದು ಸರಿ. ಯಾಕೆಂದರೆ ಒಂದು ದಿನ ಆ ಸದ್ದು ಹಿಂದಿನ ಗಾಲಿಗಳಿಂದ ಬಂತು. ನಾನು ರಿಪೇರಿಯ ವಿವರ ಬರೆಯುವ ಜಾಬ್ ಕಾರ್ಡಿನ ಮೇಲೆ ಒಂದೇ ಒಂದು ಸಾಲು ಇಂಗ್ಲಿಷ್ ಬರೆದೆ. ಆ ಸಾಲಿನಿಂದ ಲಗಮಣ್ಣ ಎಂಬ ಡ್ರೈವರ್ ಕೆಲಸವನ್ನೂ ಹೆಸರನ್ನೂ ಕಳೆದುಕೊಂಡ.

ಈಗ ಸರ್ವಿಸ್ ಅಡ್ವೈಸರ್ ಎಂದು ಕೊರಳಿಗೆ ಐಡಿ ಕಾರ್ಡು ಕಟ್ಟಿಕೊಂಡು ಕೂರುವ ಮಕ್ಕಳೇ, ಇದು ನಿಮಗಾಗಿ. ನನ್ನ ಪ್ರಮೋಷನ್ನು, ಟ್ರೇನಿಂಗ್ ಸರ್ಟಿಫಿಕೇಟು, ಅವನ್ನೆಲ್ಲ ಬಿಟ್ಟುಬಿಡುತ್ತೇನೆ. ಅವು ನಮ್ಮ ಮನೆಯ ಅಟ್ಟದ ಮೇಲಿವೆ, ಜಿರಲೆಗಳು ಓದುತ್ತಿವೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಮಷಿನ್ನು ಗೊತ್ತಿದೆ ಎಂದಲ್ಲ, ಇಂಗ್ಲಿಷ್ ಗೊತ್ತಿದೆ ಎಂದು. ನಿಪ್ಪಾಣಿಯ ಜೈನರ ಮನೆಯ ಹುಡುಗಿ, ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಪಳಗಿದವಳು. "ಆಲ್ವೇಸ್ ಆನ್ಸರ್ ಇನ್ ಫುಲ್ ಸೆಂಟೆನ್ಸಸ್, ಪದ್ಮಜಾ" ಎಂದು ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ಹೊಡೆಸಿಕೊಂಡವಳು. ಆಗ ಅದು ಟ್ರ್ಯಾಕ್ಟರ್ ವರ್ಕ್‌ಶಾಪು. ಕಂಪನಿಯಿಂದ ಬರುವ ಪತ್ರಗಳನ್ನು ಓದಿ ಹೇಳಲು ಒಬ್ಬರು ಬೇಕಿತ್ತು. ಉಳಿದದ್ದಕ್ಕೆ ಶೌಕತ್ ಮಿಸ್ತ್ರಿ ಇದ್ದರು. ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ಸಾಕು, ಡಾಕ್ಟರು ನಾಡಿ ಹಿಡಿದ ಹಾಗೆ. ಅವರು ಹೇಳುವುದು, ನಾನು ಬರೆಯುವುದು, ಇದು ನಮ್ಮ ಪದ್ಧತಿ. ಮಜಾ ಎಂದರೆ, ಗಿರಾಕಿಗಳು ಅವರ ಕೈಯನ್ನು ನಂಬುತ್ತಿರಲಿಲ್ಲ, ನನ್ನ ಬಾಯನ್ನು ನಂಬುತ್ತಿದ್ದರು.

"ರಬ್ಬರ್ ಹರದೈತ್ರಿ" ಎಂದು ಮಿಸ್ತ್ರಿ ಹೇಳಿದರೆ, "ತಡಿ, ಮೇಡಂನ ಕೇಳ್ತೇನಿ" ಎಂದು ನನ್ನ ಟೇಬಲ್ಲಿಗೆ ಬರುತ್ತಿದ್ದರು. ನಾನು ಗಂಭೀರವಾಗಿ, "ದಿ ರಬ್ಬರ್ ಬೂಟ್ ಈಸ್ ಟಾರ್ನ್, ಸರ್" ಅನ್ನುತ್ತಿದ್ದೆ.

"ಹಾಂ! ಈಗ ತಿಳೀತ ನೋಡ್ರಿ."

ಮಿಸ್ತ್ರಿ ಗಡ್ಡದೊಳಗೇ ನಗುತ್ತಿದ್ದರು. "ಮೇಡಂ, ನಿಮ್ಮ ಬಾಯಾಗ ಬಂದ್ರ ನಟ್ ಬೋಲ್ಟಿಗೂ ಇಜ್ಜತ್ ಬರತೈತಿ." ನನಗೂ ಖುಷಿಯಾಗುತ್ತಿತ್ತು. ಆ ಖುಷಿಯೇ ಮುಂದೆ ಕೆಲಸ ಕೆಡಿಸಿತು.

ಟ್ರ್ಯಾಕ್ಟರ್ ಹೋಗಿ ಜೀಪು ಬಂತು, ಜೀಪು ಹೋಗಿ ದೊಡ್ಡ ದೊಡ್ಡ ಎಸ್‌ಯುವಿಗಳು ಬಂದವು. ಕಬ್ಬು, ದ್ರಾಕ್ಷಿ, ತಂಬಾಕು ಈ ಮೂರೂ ಕೈಹಿಡಿದ ವರ್ಷ ನಮ್ಮ ಸುತ್ತಿನ ಐದು ತಾಲ್ಲೂಕುಗಳಲ್ಲಿ ಮನೆಯ ಬಾಗಿಲಿಗಿಂತ ಅಗಲವಾದ ಗಾಡಿಗಳು ಬಂದು ನಿಲ್ಲುತ್ತಿದ್ದವು. ಮರುಭೂಮಿ, ಹಿಮ, ಬಂಡೆ, ಮೂರರ ಮೇಲೂ ಓಡಿಸಲು ಡ್ಯಾಶ್‌ಬೋರ್ಡಿನಲ್ಲಿ ಒಂದೊಂದು ಗುಂಡಿ. ಅವು ಹತ್ತುವ ಅತಿ ಕಠಿಣ ಬೆಟ್ಟವೆಂದರೆ ಅಥಣಿಯಲ್ಲಿ ಲಗ್ನ ನಡೆಯುವ ಮಂಗಲ ಕಾರ್ಯಾಲಯದ ಮುಂದಿನ ಸ್ಪೀಡ್ ಬ್ರೇಕರ್. ಅದಕ್ಕೂ ಒಬ್ಬರು ಬಂಡೆಯ ಗುಂಡಿ ಒತ್ತುತ್ತಿದ್ದರು. ಬೀಗರು ನೋಡಬೇಕಲ್ಲ.

ಹೊಸ ಬಿಳಿ ಗಾಡಿಯೊಂದು ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋಗಿ ಪೂಜೆ ಮುಗಿಸಿಕೊಂಡು ಸೀದಾ ನಮ್ಮಲ್ಲಿಗೆ ಬಂದಿತ್ತು. ಭಂಡಾರದ ಅರಿಶಿಣ ಎರಚುವಾಗ ಭಕ್ತಿಗೆ ಅಡ್ಡಿಯಾಗಬಾರದೆಂದು ಬಾನೆಟ್ಟನ್ನೂ ತೆರೆದಿಟ್ಟಿದ್ದರು. ಎಸಿ ಹಾಕಿದ ಕೂಡಲೇ ಒಳಗೆ ಕೂತವರಿಗೆಲ್ಲ ಅರಿಶಿಣ ಶಾಸ್ತ್ರ. ಕಂಪನಿ ಕೊಟ್ಟ ಕೋಡ್ ಪಟ್ಟಿಯಲ್ಲಿ ಭಂಡಾರ ಇರಲಿಲ್ಲ. ನಾನು "ಯೆಲ್ಲೋ ಆರ್ಗ್ಯಾನಿಕ್ ಡಸ್ಟ್" ಎಂದು ಹಾಕಿದೆ. ಅದು ಯಾವ ಹೂವಿನ ಪರಾಗ ಎಂದು ವಿಚಾರಿಸಿ ಅಲ್ಲಿಂದ ಮೇಲ್ ಬಂತು. ನಾನು ಉತ್ತರ ಬರೆಯಲಿಲ್ಲ. ಕೆಲವು ಪ್ರಶ್ನೆಗಳನ್ನು ಮಲ್ಲಯ್ಯನಿಗೇ ಬಿಡಬೇಕು.

ಪ್ಯಾಡಿನ ವಿಷಯಕ್ಕೆ ಬರುತ್ತೇನೆ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ. ಹೆಚ್ಚು ದುಡಿಯುವುದು ಮುಂದಿನ ಬ್ರೇಕು, ಮೊದಲು ಸವೆಯುವುದೂ ಅದೇ. ಹಿಂದಿನ ಜೋಡಿ ಒಂದು ಸಲ ಬದಲಾಗುವಷ್ಟರಲ್ಲಿ ಮುಂದಿನದು ಎರಡು ಸಲ ಬದಲಾಗಿರುತ್ತದೆ. ಟ್ರೇನಿಂಗಿನಲ್ಲಿ ಇದನ್ನು ಕಲಿತ ದಿನದಿಂದ ನನಗೆ ಇದು, ಸಿಸ್ಟರ್‌ಗಳು ಬಾಯಿಪಾಠ ಮಾಡಿಸಿದ ಹತ್ತರ ಮೇಲೆ, ಹನ್ನೊಂದನೆಯ ಕಮಾಂಡ್‌ಮೆಂಟು.

ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರಿಗೆ ಇದನ್ನು ಹೇಳಿದಾಗ ಅವರು ಬಹಳ ಯೋಚಿಸಿ, "ಹಂಗಾರ ಹಿಂದಿನವನ್ನ ಮುಂದ ಹಾಕ್ರಿ, ಮುಂದಿನವನ್ನ ಹಿಂದ ಹಾಕ್ರಿ. ನಮ್ಮ ಅಜ್ಜ ಎಡಗೋಲಿನ ಎತ್ತು ಬಲಗೋಲಿಗೆ ಹಿಂಗ ಬದಲಸ್ತಿದ್ದ" ಅಂದರು.

"ಸರ್, ಎರಡರ ಸೈಜ್ ಬೇರೆ ಬೇರೆ."

"ಒಂದ ಗಾಡಿಗೆ ಎರಡ ಸೈಜ್ ಯಾಕ ಕೊಟ್ರಿ? ಎತ್ತು ಕೊಡುವಾಗ ದೇವರ ಸೈತ ಹಿಂಗ ಮೋಸ ಮಾಡಿಲ್ಲ."

ಅಂಥ ಗಿರಾಕಿಗಳ ಜೊತೆ ಹೇಗೋ ಬದುಕಬಹುದು. ಬದುಕಲು ಆಗದಿದ್ದದ್ದು ಡ್ರಾಪ್‌ಡೌನ್ ಜೊತೆಗೆ. ಪುಣೆಯಿಂದ ಸಾಠೆ ಸರ್ ಎಂಬ ಹೊಸ ಮ್ಯಾನೇಜರ್ ಬಂದಿದ್ದರು. ಒಳ್ಳೆಯ ಮನುಷ್ಯ, ಗಾಡಿಯ ಕೆಳಗೆ ಮಾತ್ರ ಎಂದೂ ಬಗ್ಗಿದವರಲ್ಲ. ಅವರು ಬಂದಮೇಲೆ ಕೈಬರಹದ ಜಾಬ್ ಕಾರ್ಡು ಹೋಗಿ ಕಂಪ್ಯೂಟರ್ ಬಂತು. "ರೂಟ್ ಕಾಸ್", ಅಂದರೆ ಮೂಲ ಕಾರಣ, ಎಂಬ ಖಾನೆ ತುಂಬದಿದ್ದರೆ ಕಾರ್ಡು ಕ್ಲೋಸ್ ಆಗುತ್ತಿರಲಿಲ್ಲ, ಗಾಡಿ ಗೇಟು ದಾಟುತ್ತಿರಲಿಲ್ಲ. ಆ ಖಾನೆ ಒತ್ತಿದರೆ ಕೆಳಗಿಳಿಯುವ ಪಟ್ಟಿಯೇ ಡ್ರಾಪ್‌ಡೌನ್, ಅದರಲ್ಲಿ ಮೂರೇ ಆಯ್ಕೆ. "ಪಾರ್ಟ್ ಡಿಫೆಕ್ಟ್" ಒತ್ತಿದರೆ ಎಂಟು ಫೋಟೊ, ಮೂರು ಮೇಲ್. "ಕಂಟ್ಯಾಮಿನೇಶನ್" ಒತ್ತಿದರೆ ಧೂಳಿನ ಸ್ಯಾಂಪಲ್ ಕಳಿಸಬೇಕು. "ಡ್ರೈವಿಂಗ್ ಹ್ಯಾಬಿಟ್" ಒತ್ತಿದರೆ ಒಂದೇ ಕ್ಲಿಕ್, ಕಾರ್ಡು ಹಸಿರಾಗುತ್ತಿತ್ತು. ಹೀಗಾಗಿ ನಮ್ಮ ಐದು ತಾಲ್ಲೂಕಿನ ಡ್ರೈವರುಗಳಿಗೆಲ್ಲ ಒಂದೇ ಸಲಕ್ಕೆ ಕೆಟ್ಟ ಅಭ್ಯಾಸ ಹತ್ತಿತು. ಎಸಿ ಲೌಂಜಿನಲ್ಲಿ ಕೂರುವವನು ಮಾಲಕ. ಡ್ರೈವರ್ ಹೊರಗೆ ಬೇವಿನ ಗಿಡದ ಕೆಳಗೆ. ಹೊರಗೆ ಕೂತವನ ಮೇಲೆ ತಪ್ಪು ಹಾಕುವುದು ಎಲ್ಲ ಸಾಫ್ಟ್‌ವೇರಿಗೂ ಸುಲಭ.

ಇನ್ನು ಆಬಾಸಾಹೇಬರು. ಕಾಗವಾಡದ ಕಡೆಯ ದೊಡ್ಡ ದ್ರಾಕ್ಷಿ ತೋಟದವರು. ಅವರ ಕಪ್ಪು ಗಾಡಿ ನಮ್ಮಲ್ಲಿಗೆ ಬರುವ ಗಾಡಿಗಳಲ್ಲೆಲ್ಲ ದುಬಾರಿಯದು. ಅದರ ಡ್ರೈವರ್ ಲಗಮಣ್ಣ, ಕರೋಶಿಯವನು. ಆ ಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. ಜೀಪಿನ ಕಾಲದಿಂದಲೂ ನಾನು ಅವನನ್ನು ಬಲ್ಲೆ. ಮಾತು ಕಡಿಮೆ. ಗಾಡಿ ನಿಲ್ಲಿಸಿ ಇಳಿದಮೇಲೆ ಒಮ್ಮೆ ಸುತ್ತ ನಡೆದು ನಾಲ್ಕೂ ಗಾಲಿ ನೋಡಿಯೇ ಗಿಡದ ಕೆಳಗೆ ಹೋಗುತ್ತಿದ್ದ.

ಆ ದಿನ ಗಾಡಿ ಕಿರುಚುತ್ತ ಬಂತು. ಸ್ವಲ್ಪ ಹೊತ್ತಿಗೆ ಮಿಸ್ತ್ರಿ ನನ್ನನ್ನು ಕರೆದರು. ನಾಲ್ಕೂ ಗಾಲಿ ಬಿಚ್ಚಿ ಇಟ್ಟಿದ್ದರು.

"ನೋಡ್ರಿ ಮೇಡಂ. ಮುಂದಿನ ಪ್ಯಾಡ ಅರ್ಧಕ್ಕಿಂತ ಜಾಸ್ತಿ ಅದಾವು. ಹಿಂದಿನವು ಖಲ್ಲಾಸ್."

"ಕ್ಯಾಲಿಪರ್ ಪಿನ್ ಜಾಮ್ ಆಗಿ ಪ್ಯಾಡು ಡಿಸ್ಕಿಗೆ ಅಂಟಿಕೊಂಡಿರಬೇಕು."

"ಇಲ್ರಿ. ಬೆಣ್ಣಿಯಂಗ ಸರದಾಡಾಕತ್ತಾವು. ಎಡಕ ಬಲಕ ಸಮ ಸವದಾವು, ಒಳಗಿಂದು ಹೊರಗಿಂದೂ ಸಮ. ಯಾಕ ಹಿಂಗ ಆತು ಅನ್ನೂದು ನನಗ ತಿಳೀವಲ್ದು."

ಮೂವತ್ತು ವರ್ಷದಲ್ಲಿ ಶೌಕತ್ ಮಿಸ್ತ್ರಿ ತಿಳಿಯದು ಎಂದದ್ದು ಅದೇ ಮೊದಲು. ನಾನು ಅಲ್ಲೇ ನಿಲ್ಲಬೇಕಿತ್ತು. ಆದರೆ ಡ್ರಾಪ್‌ಡೌನಿನಲ್ಲಿ "ತಿಳಿಯದು" ಇರಲಿಲ್ಲ. ಲೌಂಜಿನಲ್ಲಿ ಆಬಾಸಾಹೇಬರು ಗಡಿಯಾರ ನೋಡುತ್ತಿದ್ದರು, ಸಾಠೆ ಸರ್ ನನ್ನನ್ನು ನೋಡುತ್ತಿದ್ದರು. ಮುಂದಿನದು ಮೊದಲು ಸವೆಯಬೇಕು, ಹಿಂದಿನದು ಸವೆದಿದೆ, ಅಂದರೆ ಯಾರೋ ಹಿಂದಿನ ಬ್ರೇಕು ಹಿಡಿದೇ ಓಡಿಸುತ್ತಿದ್ದಾರೆ. ಹ್ಯಾಂಡ್‌ಬ್ರೇಕು ಹಿಡಿಯುವುದು ಹಿಂದಿನ ಗಾಲಿಗಳನ್ನೇ, ಅದನ್ನು ಇಳಿಸಲು ಮರೆತರೆ ಹಳೆಯ ಜೀಪುಗಳಲ್ಲಿ ಹಾಗೆ ಆಗುತ್ತಿತ್ತು. ಕ್ಲಿಕ್ ಒತ್ತಿದೆ. ಕೆಳಗಿನ ರಿಮಾರ್ಕ್ಸಿನಲ್ಲಿ ಫುಲ್ ಸೆಂಟೆನ್ಸ್ ಬರೆದೆ: "ದಿ ಡ್ರೈವರ್ ಅಪಿಯರ್ಸ್ ಟು ಬಿ ಡ್ರೈವಿಂಗ್ ವಿತ್ ದಿ ಹ್ಯಾಂಡ್‌ಬ್ರೇಕ್ ಆನ್." ಡ್ರೈವರ್ ಹ್ಯಾಂಡ್‌ಬ್ರೇಕ್ ಹಾಕಿಯೇ ಓಡಿಸುತ್ತಿರುವಂತೆ ತೋರುತ್ತದೆ. ಆ "ತೋರುತ್ತದೆ" ಸಿಸ್ಟರ್‌ಗಳು ಕಲಿಸಿದ ಮರ್ಯಾದೆ. ಅದನ್ನು ಯಾರೂ ಓದುವುದಿಲ್ಲ ಎಂದು ಅವರು ಕಲಿಸಲಿಲ್ಲ.

ಕಾರ್ಡಿನ ಪ್ರಿಂಟ್ ಕೈಗೆ ಬಂದ ಕೂಡಲೇ ಆಬಾಸಾಹೇಬರು ಅದನ್ನು ಲೌಂಜಿನಲ್ಲಿ ಗೆಳೆಯರ ಮುಂದೆ ಜೋರಾಗಿ ಓದಿದರು. ಆಮೇಲೆ ಬಾಗಿಲು ತೆಗೆದು ಗಿಡದ ಕಡೆ ಕೂಗಿದರು.

"ಏ ಲಗಮ್ಯಾ, ಒಳಗ ಬಾ ಲೇ. ಹ್ಯಾಂಡಬ್ರೇಕ ಜಗ್ಗಿ ಓಡಸ್ತೀಯೇನ?"

ಲಗಮಣ್ಣ ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತ. "ಇಲ್ರಿ ಸಾಹೇಬ್ರ. ಈ ಗಾಡ್ಯಾಗ ಜಗ್ಗೂದ ಇಲ್ಲಲ್ರಿ. ಗುಂಡಿ ಐತಿ."

"ಮತ್ತ ಇದೇನ ಬರದಾರ?"

ಗೆಳೆಯರಲ್ಲೊಬ್ಬರು ನಡುವೆ ಬಾಯಿ ಹಾಕಿದರು. "ಇಂಗ್ಲಿಷಿನ್ಯಾಗ ಬರದಾರಪಾ. ಸುಮ್ಮ ಬರೀತಾರೇನು?"

ಲಗಮಣ್ಣ ನನ್ನ ಕಡೆ ನೋಡಿದ. ನಾನು ಮಾನಿಟರ್ ನೋಡಿದೆ. ಅದರಲ್ಲಿ ಕಾರ್ಡು ಹಸಿರಾಗಿತ್ತು.

"ಚಾವಿ ಇಲ್ಲಿ ಕೊಡು" ಎಂದರು ಆಬಾಸಾಹೇಬರು. ಇಪ್ಪತ್ತೆರಡು ವರ್ಷದ ನೌಕರಿ ಅಷ್ಟರಲ್ಲಿ ಮುಗಿಯಿತು. ಅವನು ರಸ್ತೆ ದಾಟಿ ಬಸ್ಸಿಗೆ ಕಾಯುತ್ತ ನಿಂತದ್ದು ನನ್ನ ಕಿಟಕಿಯಿಂದ ಕಾಣುತ್ತಿತ್ತು.

ನಮ್ಮ ಕಡೆ ಡ್ರೈವರನ ನೌಕರಿ ಅರ್ಜಿಯಿಂದ ಸಿಗುವುದಲ್ಲ, ಮಾತಿನಿಂದ ಸಿಗುವುದು. ಮಾಲಕರೆಲ್ಲ ಲಗ್ನಗಳಲ್ಲಿ ಒಂದೇ ಪಂಕ್ತಿಗೆ ಕೂರುವವರು. ಜಿಲೇಬಿ ಮುಗಿಯುವಷ್ಟರಲ್ಲಿ "ಬ್ರೇಕ್ ತಿನ್ನೂ ಲಗಮ್ಯಾ" ಎಂಬ ಹೆಸರು ಅಥಣಿ ದಾಟಿ ರಾಯಬಾಗ ಮುಟ್ಟಿತ್ತು. ಎತ್ತಿನ ಮಾತಾಡಿದ್ದ ನಿಪ್ಪಾಣಿಯ ಆ ತಂಬಾಕು ವ್ಯಾಪಾರಿಯೂ ಅವನನ್ನು ಬಾಗಿಲಿಂದಲೇ ಕಳಿಸಿದನಂತೆ. ಈಗ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಟ್ರೇಲರ್ ತುಂಬುತ್ತಿದ್ದಾನೆ ಎಂದು ಮಿಸ್ತ್ರಿ ಸುದ್ದಿ ತಂದರು. "ಐವತ್ತು ದಾಟಿದ ಮನಶ್ಯಾರಿ ಮೇಡಂ. ಸ್ಟೀರಿಂಗ್ ಹಿಡದ ಕೈಯಾಗ ಕುಡಗೋಲ."

ಕೆಲವು ತಿಂಗಳಿಗೆ ಆಬಾಸಾಹೇಬರ ಗಾಡಿ ಮತ್ತೆ ಬಂತು. ಹೊಸ ಡ್ರೈವರ್, ಮಿರಜಿನವನು, ಕೂಲಿಂಗ್ ಗ್ಲಾಸ್ ಹಾಕಿದವನು. ಮತ್ತೆ ಅದೇ ಸದ್ದು, ಅದೇ ಹಿಂದಿನ ಗಾಲಿಗಳಿಂದ.

ಮಿಸ್ತ್ರಿ ಸವೆದ ಪ್ಯಾಡನ್ನು ತಂದು ನನ್ನ ಕೀಬೋರ್ಡಿನ ಪಕ್ಕ ಇಟ್ಟರು. "ಈಗ ಯಾರ ಹೆಸರ ಬರೀತೀರಿ? ಅಲ್ಲಾ, ಹೋದ ಸಲ ಬರದದ್ದಾದರೂ ಏನ್ರಿ? ನನಗ ಯಾರೂ ಹೇಳಲೇ ಇಲ್ಲ."

ನಾನು ಕನ್ನಡದಲ್ಲಿ ಹೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಆಗಾಕ ಸಾಧ್ಯನ ಇಲ್ರಿ. ಈ ಗಾಡ್ಯಾಗ ಆಕ್ಸಿಲರೇಟರ್ ಒತ್ತಿದ್ರ ಹ್ಯಾಂಡಬ್ರೇಕ ತಾನ ಬಿಡತೈತಿ. ಹಾಕ್ಕೊಂಡು ಓಡಸಬೇಕಂದ್ರೂ ಓಡಸಾಕ ಬರೂದಿಲ್ಲ. ಲಗಮಣ್ಣ ಅವತ್ತ ಏನೂ ಹೇಳಲಿಲ್ಲೇನು?"

ಹೇಳಿದ್ದ. "ಗುಂಡಿ ಐತಿ" ಎಂದದ್ದನ್ನು ನಾನು ಕೇಳಿಸಿಕೊಂಡಿದ್ದೆ. ಆದರೆ ನನ್ನ ತಲೆಯೊಳಗಿನ ಗಾಡಿ ಇನ್ನೂ ಜೀಪಾಗಿತ್ತು. ಗಾಡಿ ಬದಲಾಯಿತು, ನಾನು ಸ್ಪೆಲಿಂಗ್ ಮಾತ್ರ ಬದಲಾಯಿಸಿಕೊಂಡಿದ್ದೆ. ಆ ದಿನ ಊಟದ ಡಬ್ಬಿ ತೆಗೆಯಲಿಲ್ಲ.

ಪ್ಯಾಡು ಬದಲಿಸಿದ ಮೇಲೆ ರೋಡ್ ಟೆಸ್ಟ್ ಬೇಕು ಎಂದು ಹಟ ಹಿಡಿದೆ. ಆಬಾಸಾಹೇಬರು ಸಂತೋಷದಿಂದ ಒಪ್ಪಿದರು. "ಬರ್ರಿ ಮೇಡಂ, ಕುಂದರ್ರಿ. ಹೈವೇದಾಗ ಇದನ್ನ ನಾನ ಓಡಸೂದು. ಇಂಥಾ ಗಾಡಿ ಡ್ರೈವರ್‌ಗ ಕೊಟ್ರ ನಾವ್ಯಾಕ ತಗೋಬೇಕು?" ನಾನು ಮುಂದೆ, ಮಿಸ್ತ್ರಿ ಹಿಂದೆ. ಕಬ್ಬಿನ ಸೀಜನ್ನು. ಕಾಗವಾಡದ ದಾರಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು.

ಊರು ದಾಟಿದ ಕೂಡಲೇ ಸಾಹೇಬರು ಸ್ಟೀರಿಂಗಿನ ಮೇಲೆ ಒಂದು ಗುಂಡಿ ಒತ್ತಿದರು. ಆಮೇಲೆ ಕೊಲ್ಹಾಪುರಿ ಚಪ್ಪಲಿ ಬಿಟ್ಟು, ಬಲಗಾಲನ್ನು ಎತ್ತಿ ಮಡಚಿ ಸೀಟಿನ ಮೇಲೆ ಇಟ್ಟುಕೊಂಡರು. ಕಟ್ಟೆಯ ಮೇಲೆ ಎಲೆ ಅಡಿಕೆಗೆ ಕೂತ ಹಾಗೆ.

"ಸರ್! ಬ್ರೇಕ್!"

"ಅಂಜಬ್ಯಾಡ್ರಿ. ರಡಾರ್ ಐತಿ. ಮುಂದ ಗಾಡಿ ಇದ್ರ ತಾನ ಹಿಡಿತೈತಿ, ದಾರಿ ಸಿಕ್ರ ತಾನ ಓಡತೈತಿ. ಬೀಗರನ್ನೆಲ್ಲ ಹಿಂಗ ಕರಕೊಂಡು ಹೋಗ್ತೇನಿ, ನೋಡಿ ಬಾಯಿ ಮ್ಯಾಲ ಕೈ ಇಟ್ಕೋತಾರ."

ಗಾಡಿ ಮುಂದಿನ ಟ್ರ್ಯಾಕ್ಟರಿನ ಬೆನ್ನು ಹತ್ತಿತು. ಹತ್ತಿರ ಹೋಯಿತು, ಮೆಲ್ಲಗೆ ಹಿಡಿಯಿತು. ಟ್ರ್ಯಾಕ್ಟರ್ ಸ್ವಲ್ಪ ಮುಂದೆ ಹೋಯಿತು, ಇದು ಹಾರಿತು, ಮತ್ತೆ ಹಿಡಿಯಿತು. ನನ್ನ ಮೂಗು ಮುಂದಕ್ಕೆ ಹೋಗಲಿಲ್ಲ, ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗಾಯಿತು. ಮತ್ತೆ ಮತ್ತೆ. ನಾನು ಹಿಂದಕ್ಕೆ ತಿರುಗಿದೆ. ಮಿಸ್ತ್ರಿ ಕಣ್ಣು ಮುಚ್ಚಿ ಸೀಟಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು.

"ಹಿಂದಿನವ ದುಡಿಯಾಕತ್ತಾವು" ಎಂದರು.

ಒಂದು ಚಹದಂಗಡಿಯ ಮುಂದೆ ನಿಲ್ಲಿಸಿದೆವು. ಶಾಖ ಅಳೆಯುವ ಗನ್ನು ಸಾಠೆ ಸರ್ ಕೊಟ್ಟಿದ್ದರು, ಅದರೊಳಗೆ ಸೆಲ್ ಇರಲಿಲ್ಲ. ಮಿಸ್ತ್ರಿ ನೀರಿನ ಬಾಟಲಿ ತೆಗೆದು, ಬೆರಳು ಅದ್ದಿ, ಮುಂದಿನ ಗಾಲಿಯ ಡಿಸ್ಕಿಗೆ ನಾಲ್ಕು ಹನಿ ಚಿಮುಕಿಸಿದರು. ಹನಿಗಳು ಸಾವಕಾಶವಾಗಿ ಜಾರಿದವು. ಹಿಂದಿನದಕ್ಕೆ ಚಿಮುಕಿಸಿದರು. ಚುಂಯ್!

ಆಬಾಸಾಹೇಬರ ಮುಖ ಅರಳಿತು. "ಅಂದ್ರ ಗಾಡ್ಯಾಗ ಫಾಲ್ಟ್ ಐತಿ! ಕಂಪನಿಗೆ ಬರೀರಿ!"

"ಫಾಲ್ಟ್ ಇಲ್ಲ ಸರ್. ಕೂತವರ ಮೂಗು ಮುಗ್ಗರಿಸಬಾರದು ಎಂದು ಗಾಡಿ ಮೆಲ್ಲಗೆ ಹಿಂದಿನಿಂದ ಹಿಡಿಯುತ್ತದೆ. ಅದರ ಕೆಲಸ ಅದು ಮಾಡುತ್ತಿದೆ. ನೀವು ಅದನ್ನು ಟ್ರ್ಯಾಕ್ಟರ್ ಹಿಂದೆ ದಿನವೆಲ್ಲ ಬಿಡುತ್ತೀರಿ. ಲಗಮಣ್ಣನ ತಪ್ಪು ಏನೂ ಇರಲಿಲ್ಲ. ನಾನು ಬರೆದದ್ದು ತಪ್ಪು."

ಅವರು ಮತ್ತೆ ಮಡಚಿಕೊಂಡಿದ್ದ ಕಾಲನ್ನು ನಿಧಾನವಾಗಿ ಇಳಿಸಿ ಚಪ್ಪಲಿ ಹುಡುಕಿದರು. "ಆಗಿದ್ದು ಆಗಿ ಹೋತ್ರಿ ಮೇಡಂ. ಈಗ ಅವನ್ನ ಕರದ್ರ ಮಂದಿ ಏನಂದಾರು? ಮಾಲಕ ತಾನ ಬ್ರೇಕ ತಿಂದಾನಂದಾರು."

ವಾಪಸ್ ಬಂದು ಸಾಠೆ ಸರ್ ಹತ್ತಿರ ಹಳೆಯ ಕಾರ್ಡು ತಿದ್ದಬೇಕು ಎಂದೆ.

"ಎ ಕ್ಲೋಸ್ಡ್ ಜಾಬ್ ಕಾರ್ಡ್ ಈಸ್ ಕ್ಲೋಸ್ಡ್, ಮ್ಯಾಡಮ್. ಸಿಸ್ಟಮ್ ಅಲೌ ನಹೀ ಕರತಾ. ಅಲ್ಲದೆ ಕಸ್ಟಮರ್ ಡಿಲೈಟ್ ಮಾರ್ಕ್ಸ್ ಇಳಿದರೆ?"

"ಡ್ರೈವರನ ಡಿಲೈಟ್‌ಗೆ ಖಾನೆ ಇಲ್ಲವೇ ಸರ್?"

ಅವರು ನಕ್ಕರು. ಜೋಕು ಎಂದುಕೊಂಡರು. ನನಗೆ ರಿಟೈರ್ ಆಗಲು ಎರಡು ತಿಂಗಳು ಉಳಿದಿತ್ತು. ಆ ಧೈರ್ಯಕ್ಕೆ ದೊಡ್ಡ ಹೆಸರು ಕೊಡುವುದು ಬೇಡ.

ವರ್ಕ್‌ಶಾಪಿನ ಹಾಳೆ ತೆಗೆದುಕೊಂಡು ಕೈಯಿಂದ, ಕನ್ನಡದಲ್ಲಿ ಬರೆದೆ. ಕನ್ನಡದಲ್ಲಿ ಯಾಕೆಂದರೆ ಈ ಸಲ ಮಿಸ್ತ್ರಿ ಅದನ್ನು ಓದಿ, ಸರಿ ಇದೆ ಅನ್ನಬೇಕಿತ್ತು. "ಈ ಗಾಡಿಯ ಹಿಂದಿನ ಪ್ಯಾಡು ಸವೆದದ್ದಕ್ಕೆ ಲಗಮಣ್ಣನ ಓಡಿಸುವಿಕೆ ಕಾರಣವಲ್ಲ. ಗಾಡಿಯ ತಾನೇ ಹಿಡಿಯುವ ಬ್ರೇಕು ಕಾರಣ. ಮೊದಲು ಬರೆದದ್ದು ನನ್ನ ತಪ್ಪು ಊಹೆ." ಮಿಸ್ತ್ರಿ ಕೆಳಗೆ ಸಹಿ ಹಾಕಿದರು. ಮುಂದಿನ ಸರ್ವಿಸಿಗೆ ಆಬಾಸಾಹೇಬರು ಅದೇ ಗೆಳೆಯರ ಜೊತೆ ಬಂದ ದಿನ, ಲೌಂಜಿನಲ್ಲಿ ನಿಂತು ಅದನ್ನು ಓದಿದೆ. ಆಮೇಲೆ ಅವತ್ತು ಬಾಯಿ ಹಾಕಿದ್ದ ಆ ಗೆಳೆಯ, "ಅಂದ್ರ ಆಬಾ, ಕಾಲ ಮಡಚಿ ಓಡಸಿದವ ನೀನ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಮುಂದಿನ ಲಗ್ನದ ಪಂಕ್ತಿಯಲ್ಲಿ ಜಿಲೇಬಿಯ ಜೊತೆ ಈ ಸುದ್ದಿಯೂ ಬಡಿಸಲ್ಪಟ್ಟಿತು. ಸಾಠೆ ಸರ್ ನನಗೊಂದು ಮೆಮೊ ಕೊಟ್ಟರು. ಅದರಲ್ಲಿ ಎರಡು ಸ್ಪೆಲಿಂಗ್ ತಪ್ಪಿದ್ದವು, ತಿದ್ದಿ ವಾಪಸ್ ಕೊಟ್ಟೆ.

ಮಂದಿ ನಗುವುದು ನಿಲ್ಲಲಿ ಎಂದೋ ಏನೋ, ಆಬಾಸಾಹೇಬರು ಲಗಮಣ್ಣನಿಗೆ ಹೇಳಿ ಕಳಿಸಿದರು. ಅವನು ಹೋಗಲಿಲ್ಲ. "ಕಾಲ ಮಡಚಿ ಕುಂತ ಮಾಲಕರಿಗೆ ಡ್ರೈವರ್ ಯಾಕ ಬೇಕ್ರಿ?" ಎಂದನಂತೆ. ರಾಯಬಾಗದ ಒಂದು ಶಾಲೆಗೆ ಬಸ್ ಡ್ರೈವರ್ ಬೇಕಾಗಿತ್ತು. ಅವರೂ ಆ ಕೆಟ್ಟ ಹೆಸರು ಕೇಳಿದ್ದರು. ಮಿಸ್ತ್ರಿ ನಮ್ಮ ಹಾಳೆಯ ಝೆರಾಕ್ಸ್ ಒಯ್ದು ಹೆಡ್‌ಮಿಸ್ಟ್ರೆಸ್ ಕೈಗೆ ಕೊಟ್ಟು ಬಂದರು. ಕೆಲಸ ಸಿಕ್ಕಿತು.

ರಿಟೈರ್ ಆದ ಮರುವರ್ಷ, ನಮ್ಮ ಅಕ್ಕನನ್ನು ನೋಡಿಕೊಂಡು ರಾಯಬಾಗದ ಹೊರಗೆ ಚಿಕ್ಕೋಡಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮಧ್ಯಾಹ್ನ ಮೂರೂವರೆ ಆಗಿರಬೇಕು. ಹಳದಿ ಬಸ್ಸೊಂದು ದಾಟಿ ಹೋಗಿ ನಿಂತಿತು. ಒಳಗೆ ಮಕ್ಕಳಿರಲಿಲ್ಲ.

"ಹತ್ರಿ ಮೇಡಂ. ಚಿಕ್ಕೋಡಿಗೆ ಸರ್ವಿಸಿಂಗ್‌ಗ ಹೊಂಟೇನಿ."

ಲಗಮಣ್ಣ. ಕೂದಲು ಬೆಳ್ಳಗಾಗಿತ್ತು. ಅವನ ಹಿಂದಿನ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ ಗೇರು ಇಳಿಸಿಯೇ ವೇಗ ಕಡಿಮೆ ಮಾಡುತ್ತಿದ್ದ. ಬ್ರೇಕಿನ ಮೇಲೆ ಕಾಲಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ. ನಾನು ಸಾರಿ ಹೇಳಬೇಕಿತ್ತು. ಕಡೆಗೆ ಹೇಳಿದೆ, ಕನ್ನಡದಲ್ಲಿ.

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನೀವು ಅವತ್ತ ಎಲ್ಲಾ ಕೇಳಿದ್ರಿ. ಕಿಲೋಮೀಟರ್ ಎಷ್ಟ, ಡೀಸೆಲ್ ಎಷ್ಟ, ಮೊಬೈಲ್ ನಂಬರ ಏನು. ಹೈವೇದಾಗ ಯಾರ ಓಡಸ್ತಾರಂತ ಕೇಳಿದ್ರ ಹೇಳ್ತಿದ್ದೆ."

"ನೀನೇ ಹೇಳಬಹುದಿತ್ತಲ್ಲಪ್ಪ?"

"ಕೇಳದ ಹೇಳಿದ್ರ ಉಂಡ ಮನೀ ಮ್ಯಾಲ ಚಾಡಿ ಹೇಳಿದಂಗ ಆಗ್ತಿತ್ತರಿ."

ನಮ್ಮ ಓಣಿಯ ತಿರುವಿನಲ್ಲಿ ಬಸ್ಸು ನಿಲ್ಲಿಸಿದ. ನನ್ನ ಮೊಣಕಾಲು ಈಗ ಮೊದಲಿನ ಹಾಗಿಲ್ಲ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಹಿಂದೆ ಟೆಂಪೊದವನೊಬ್ಬ ಹಾರ್ನ್ ಒತ್ತುತ್ತಿದ್ದ. ಲಗಮಣ್ಣ ಅವನ ಕಡೆ ನೋಡಲಿಲ್ಲ. ನಾನು ಎರಡೂ ಕಾಲು ನೆಲಕ್ಕೆ ಊರಿ, ಸೆರಗು ಸರಿಮಾಡಿಕೊಂಡು, ಎರಡು ಹೆಜ್ಜೆ ಈಚೆ ಬರುವ ತನಕ ಬಸ್ಸು ಅಲುಗಲಿಲ್ಲ.